‘ಶ್ರೀ’ ಇದ್ದಿದ್ದೆಲ್ಲ ಮೈದಾ ಖರ್ಚು

ಪ್ರಶ್ನೆ: ಊರು ಹಾಸನದ ಕಡೆ, ಬೆಂಗಳೂರಿನಲ್ಲಿ ಬೇಕರಿ ಇಟ್ಟುಕೊಂಡಿದ್ದೇನೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ತಾನೇ ಎಳೆದುಕೊಂಡು ಲೆಕ್ಕ ಬರೆಯುವ ಸಾಫ್ಟ್‌ವೇರನ್ನು ಏಪ್ರಿಲ್‌ನಿಂದ ಹಾಕಿಸಿದೆ. ಮೂರು ತಿಂಗಳಾದ ಮೇಲೆ ತೆಗೆದು ನೋಡಿದರೆ ಮೈದಾ ಖರ್ಚು ಹೋದ ವರ್ಷದ ಎರಡರಷ್ಟು! ಅಷ್ಟು ಮೂಟೆ ಇಳಿಸೋಕೆ ನಮ್ಮಲ್ಲಿ ಜಾಗವೇ ಇಲ್ಲ. ಮಾರಾಟವೂ ಜಾಸ್ತಿ ತೋರಿಸುತ್ತಿದೆ. ರೂಲ್‌ಗಳ ಪಟ್ಟಿ, ಸ್ಟೇಟ್‌ಮೆಂಟ್ ಎರಡನ್ನೂ ಜೊತೆಗಿಟ್ಟಿದ್ದೇನೆ. ಸಾಫ್ಟ್‌ವೇರ್ ಕೆಟ್ಟಿದೆಯಾ ಸರ್?
— ಬೇಕರಿ ಮಾಲೀಕರು, ಬೆಂಗಳೂರು

ಉತ್ತರ: ಕೆಟ್ಟಿಲ್ಲ. ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ, ಎಡವಟ್ಟಾಗಿದ್ದೇ ಅಲ್ಲಿ. ಪಟ್ಟಿಯ ಮೂರನೇ ರೂಲ್ ನೋಡಿ: ವಿವರದಲ್ಲಿ ‘ಶ್ರೀ’ ಇದ್ದರೆ ‘ಮೈದಾ ಖರೀದಿ’ಗೆ ಹಾಕು. ನಿಮಗೆ ಹಿಟ್ಟು ಕೊಡುವ ಏಜೆನ್ಸಿಯ ಹೆಸರು ‘ಶ್ರೀ’ಯಿಂದ ಶುರುವಾಗುತ್ತದೆ, ಒಪ್ಪಿದೆ. ಆದರೆ ನಮ್ಮ ನಾಡಿನಲ್ಲಿ ‘ಶ್ರೀ’ ಇಲ್ಲದ ಬೋರ್ಡು ಎಷ್ಟಿದ್ದಾವು? ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಮೆಡಿಕಲ್ ಸ್ಟೋರಿನವರು, ಗ್ಯಾಸಿನವರು, ಮಗನ ಶಾಲೆಯವರು ಎಲ್ಲರೂ ಶ್ರೀಕಾರ ಹಾಕಿಕೊಂಡೇ ಇದ್ದಾರೆ. ಹಾಗಾಗಿ ಶಾಲೆಯ ಫೀಜೂ ಮೈದಾ, ಕೆಮ್ಮಿನ ಔಷಧಿಯೂ ಮೈದಾ.

ರೂಲ್‌ಗೆ ತುಂಡು ಪದ ಕೊಡಬೇಡಿ. ಏಜೆನ್ಸಿಯ ಹೆಸರು ಸ್ಟೇಟ್‌ಮೆಂಟಿನಲ್ಲಿ ಎಷ್ಟು ಬಂದಿದೆಯೋ ಅಷ್ಟನ್ನೂ ಕೊಡಿ. ಯುಪಿಐ ಐಡಿ ಪೂರ್ತಿ ಕಾಣುತ್ತಿದ್ದರೆ ಇನ್ನೂ ಒಳ್ಳೆಯದು. ಸಾಲುಗಳನ್ನು ಸಾಫ್ಟ್‌ವೇರ್ ಸೂಚಿಸಲಿ, ತಾನಾಗಿ ದಾಖಲಿಸುವುದು ಬೇಡ. ಆ ಸೆಟ್ಟಿಂಗನ್ನು ಇವತ್ತೇ ಆಫ್ ಮಾಡಿ. ಇನ್ನೊಂದು ಮಾತು: ರೂಲ್ ತಿದ್ದಿದ ಮಾತ್ರಕ್ಕೆ ಈಗಾಗಲೇ ದಾಖಲಾದದ್ದು ಸರಿಹೋಗುವುದಿಲ್ಲ. ಮೂರು ತಿಂಗಳ ‘ಮೈದಾ’ವನ್ನು ಕೂತು ಜರಡಿ ಹಿಡಿಯಲೇಬೇಕು.

ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಐದನೇ ರೂಲ್. ಯುಪಿಐನಲ್ಲಿ ಬಂದದ್ದೆಲ್ಲ ಮಾರಾಟ! ಭಾವನವರು ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಹುಡುಗ ವಾಪಸ್ ಹಾಕಿದ ಅಡ್ವಾನ್ಸ್, ಇವನ್ನೆಲ್ಲ ನೀವು ಬನ್ನು-ಬಿಸ್ಕೆಟ್ಟಿನ ವ್ಯಾಪಾರ ಎಂದು ಬರೆಸಿಕೊಂಡಿದ್ದೀರಿ. 2025ರ ಜುಲೈ ಮರೆತುಹೋಯಿತೇ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ನೇತಾಡಿತ್ತು. ಬಂದದ್ದರಲ್ಲಿ ಸಾಲದ ದುಡ್ಡೂ ಇದೆ, ಮನೆಯವರದ್ದೂ ಇದೆ ಎಂದು ಆಗ ಎಷ್ಟೋ ಜನ ಹೇಳಿಕೊಂಡರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಗೆರೆ ವರ್ಷಕ್ಕೆ 40 ಲಕ್ಷ. ಗೆರೆಯ ಅಂಚಿನಲ್ಲಿರುವವರನ್ನು ಒಂದು ಕೈಸಾಲ ಆಚೆ ದಬ್ಬಿಬಿಡಬಹುದು. ನಿಮ್ಮದೇ ಪುಸ್ತಕದಲ್ಲಿ ಮಾರಾಟ ಎಂದು ಬರೆದಿಟ್ಟು, ಅಧಿಕಾರಿಯ ಎದುರು ‘ಅದು ಸಾಲ ಸರ್’ ಎಂದರೆ ಯಾರು ನಂಬುತ್ತಾರೆ? ಗಲ್ಲಾದ ಮೇಲಿನ ಕ್ಯೂಆರ್‌ಗೆಂದೇ ಬೇರೆ ಕರೆಂಟ್ ಅಕೌಂಟ್ ಮಾಡಿಸಿ. ಮನೆಯ ದುಡ್ಡು ಅದರ ಹತ್ತಿರ ಸುಳಿಯಬಾರದು.

ಪ್ರಶ್ನೆ: ಕರೆಂಟ್ ಅಕೌಂಟಿನಿಂದ ನನ್ನದೇ ಓಡಿ ಅಕೌಂಟಿಗೆ ಎರಡು ಲಕ್ಷ ಹಾಕಿದೆ. ಅಲ್ಲಿ ಖರ್ಚು ಅಂತ, ಇಲ್ಲಿ ಆದಾಯ ಅಂತ ಬಿದ್ದಿದೆ.
— ಹಾರ್ಡ್‌ವೇರ್ ವ್ಯಾಪಾರಿ, ಚಿತ್ರದುರ್ಗ

ಉತ್ತರ: ಎಡಗೈಯಿಂದ ಬಲಗೈಗೆ ಕೊಟ್ಟದ್ದು ವ್ಯಾಪಾರವಲ್ಲ. ಅದು ಕಾಂಟ್ರಾ, ಟ್ಯಾಲಿಯಲ್ಲಾದರೆ ಎಫ್4. ಒಂದು ಕಡೆ ಎಂಟ್ರಿ ಮಾಡಿ, ಇನ್ನೊಂದು ಖಾತೆಯ ಸಾಲನ್ನು ಅದಕ್ಕೇ ಮ್ಯಾಚ್ ಮಾಡಿ, ಹೊಸದಾಗಿ ಸೇರಿಸಬೇಡಿ. ಎಟಿಎಂನಿಂದ ತೆಗೆದು ಗಲ್ಲಾಕ್ಕೆ ಹಾಕಿದ ನಗದಿಗೂ ಇದೇ ದಾರಿ. ಮನೆಗೆ ಒಯ್ದಿದ್ದರೆ ಮಾತ್ರ ಡ್ರಾಯಿಂಗ್ಸ್.

ಪ್ರಶ್ನೆ: ಜೆರಾಕ್ಸ್ ಮಷೀನಿಗೆ ಐದು ಲಕ್ಷ ಸಾಲ ತೆಗೆದಿದ್ದೇನೆ. ಪ್ರತಿ ತಿಂಗಳ ಇಎಂಐ ಪೂರ್ತಿ ‘ಬಡ್ಡಿ ಖರ್ಚು’ ಆಗುತ್ತಿದೆ. ಒಂದೇ ರೂಲ್‌ನಲ್ಲಿ ಅಸಲು, ಬಡ್ಡಿ ಬೇರೆ ಮಾಡಲು ಬರುತ್ತದೆಯೇ?
— ಜೆರಾಕ್ಸ್ ಅಂಗಡಿ, ಧಾರವಾಡ

ಉತ್ತರ: ಒಂದೇ ರೂಲ್‌ನಲ್ಲಿ ಆಗದು, ಏಕೆಂದರೆ ಪಾಲು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ವಾರ್ಷಿಕ ಶೇ. 12ರ ಬಡ್ಡಿ, 36 ಕಂತು ಎಂದಿಟ್ಟುಕೊಳ್ಳಿ. ಕಂತು ಸುಮಾರು 16,607 ರೂಪಾಯಿ. ಮೊದಲ ತಿಂಗಳು ಅದರಲ್ಲಿ ಬಡ್ಡಿ 5,000, ಉಳಿದ 11,607 ಅಸಲು. ಎರಡನೇ ತಿಂಗಳಿಗೇ ಬಡ್ಡಿ 4,884ಕ್ಕೆ ಇಳಿಯುತ್ತದೆ. ಬ್ಯಾಂಕಿನಿಂದ ಕಂತಿನ ಪಟ್ಟಿ ಕೇಳಿ ಪಡೆದು, ಸಾಲು ಬಂದಾಗಲೆಲ್ಲ ಅದರ ಪ್ರಕಾರ ಎರಡಾಗಿ ಒಡೆಯಿರಿ. ತಿಂಗಳಿಗೆ ಎರಡು ನಿಮಿಷದ ಕೆಲಸ. ಅಸಲನ್ನೂ ಖರ್ಚಿಗೆ ಹಾಕಿ, ಮಷೀನಿನ ಮೇಲೆ ಸವಕಳಿಯನ್ನೂ ಹಿಡಿದರೆ ಒಂದೇ ಮಷೀನಿಗೆ ಎರಡು ಸಲ ಖರ್ಚು ತೋರಿಸಿದಂತೆ.

ಪ್ರಶ್ನೆ: ಅಪ್ಪನ ದಿನಸಿ ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿಗೆ ತಂದಿದ್ದೇನೆ. 43 ಸಾಲು ಸಸ್ಪೆನ್ಸ್‌ನಲ್ಲೇ ಕೂತಿವೆ. ಅಪ್ಪ ಇನ್ನೂ ಕಿರ್ದಿ ಬರೆಯುವುದು ಬಿಟ್ಟಿಲ್ಲ, ‘ನಿನ್ನ ಕಂಪ್ಯೂಟರಿಗೆ ಏನು ಗೊತ್ತು’ ಅನ್ನುತ್ತಾರೆ. ಕಿರ್ದಿಯ ಒಂದು ಪುಟದ ಫೋಟೊ ಕಳಿಸಿದ್ದೇನೆ. ಬಿಡಿಸುವುದು ಹೇಗೆ ಸರ್?
— ಓದುಗಿ, ಸಾಗರ

ಉತ್ತರ: ಕಿರ್ದಿ ಬಿಡಿಸಬೇಡಮ್ಮ! ದುಡ್ಡು ಯಾರ ಕೈ ಸೇರಿತು ಎಂಬುದನ್ನು ಬ್ಯಾಂಕ್ ಹೇಳುತ್ತದೆ, ಯಾತಕ್ಕೆ ಎಂಬುದು ಅದಕ್ಕೆ ಗೊತ್ತಿಲ್ಲ. ನೀನು ಕಳಿಸಿದ ಪುಟದಲ್ಲೇ ನೋಡು: ‘ತಗಡು 14,000, ಅರ್ಧ ಅಂಗಡಿಗೆ ಅರ್ಧ ಮನೆಗೆ.’ ಸ್ಟೇಟ್‌ಮೆಂಟಿನಲ್ಲಿ ಅದು ಹನ್ನೆರಡು ಅಂಕಿ ಮತ್ತು ಒಂದು ಹೆಸರು, ಅಷ್ಟೇ. ಯಾವ ಸಾಫ್ಟ್‌ವೇರಿಗೂ ಆ ‘ಅರ್ಧ’ ಹೊಳೆಯುವುದಿಲ್ಲ.

ಗೊತ್ತಿಲ್ಲದ್ದನ್ನು ಸಸ್ಪೆನ್ಸ್‌ನಲ್ಲಿಟ್ಟಿದ್ದು ಸರಿಯಾಗಿದೆ. ಅಂಥದ್ದನ್ನು ‘ಇತರೆ ಖರ್ಚು’ ಎಂದು ತುರುಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ವರ್ಷದ ಕೊನೆಯವರೆಗೆ ಇಟ್ಟುಕೊಂಡರೆ ಅಪ್ಪನಿಗೂ ನೆನಪಿರುವುದಿಲ್ಲ. ವಾರಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿದ ಮೇಲೆ ಕಿರ್ದಿ ಎದುರಿಟ್ಟುಕೊಂಡು ಅಪ್ಪನನ್ನೇ ಕೇಳು. ತಗಡಿನ ಸಾಲನ್ನು ಒಡೆದು 7,000 ಅಂಗಡಿ ರಿಪೇರಿಗೆ, 7,000 ಡ್ರಾಯಿಂಗ್ಸ್‌ಗೆ ಹಾಕು. ನರೇಶನ್‌ನಲ್ಲಿ ಕಿರ್ದಿಯ ಪುಟಸಂಖ್ಯೆ ಬರೆ. ಜಿಎಸ್‌ಟಿ ನೋಂದಣಿ ಇದ್ದರೆ, ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಪುಸ್ತಕ ಕಾಪಾಡಬೇಕು. ಸಾಗರದ ಮಳೆ, ಆಮೇಲೆ ಗೆದ್ದಲು ಬೇರೆ. ಅಟ್ಟದ ಮೇಲೆ ಮಾತ್ರ ಇಡಬೇಡ.