ಮೀನುಮರಿ ಮನೆಯಲ್ಲೇ: ತತ್ತಿ ಸಲೀಸು, ಮರಿ ಉಳಿಸುವುದೇ ಕಷ್ಟ

ಹಳಿಯಾಳ, ಮುಂಡಗೋಡ ಸೀಮೆಯಲ್ಲಿ ಕೆರೆಗಳಿಗೇನೂ ಕಮ್ಮಿಯಿಲ್ಲ. ಆದರೆ ಸಣ್ಣ ಕೆರೆಗಳು ಬೇಸಿಗೆ ಹೊತ್ತಿಗೆ ತಳ ಕಾಣುತ್ತವೆ. ನೀರು ನಿಲ್ಲುವ ಏಳೆಂಟು ತಿಂಗಳಲ್ಲಿ ಮೀನು ತೂಕಕ್ಕೆ ಬರಬೇಕಾದರೆ ಜುಲೈನಲ್ಲಿ ಬಿಡುವ ಮರಿ ಬೆರಳುದ್ದ ಇರಲೇಬೇಕು. ದೂರದಿಂದ ತರುವ ಮರಿ ಅಕ್ಕಿಕಾಳಿನಷ್ಟು, ಅದೂ ತಡವಾಗಿ. ಚೀಲದಲ್ಲಿ ಕುಲುಕಾಡಿ ಬಂದದ್ದರಲ್ಲಿ ಎಷ್ಟು ಬದುಕಿದವು ಅಂತ ಲೆಕ್ಕ ಇಡುವವರು ಯಾರು? ಅದಕ್ಕೇ ನಾನು ಮರಿಯನ್ನು ಮನೆಯಲ್ಲೇ ಮಾಡಿಕೊಳ್ಳತೊಡಗಿದ್ದು.

ಇದಕ್ಕೆ ಸಾಮಾನ್ಯ ಗೆಂಡೆಯೇ ಸರಿ. ಕಟ್ಲಾ, ರೋಹು ನಿಂತ ನೀರಲ್ಲಿ ತತ್ತಿ ಇಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಗಳಿಂದ ತತ್ತಿ ಇಡಿಸಿದರು. ಆ ಜುಲೈ 10ನ್ನೇ ಈಗ ಮೀನು ಕೃಷಿಕರ ದಿನವಾಗಿ ಆಚರಿಸುವುದು. ಚುಚ್ಚುವ ಕೆಲಸ ನಮ್ಮಂಥವರಿಗೆ ತುಸು ದೂರ. ಗೆಂಡೆಗೆ ಅದೇನೂ ಬೇಡ.

ಮೊದಲು ತಯಾರಾಗಬೇಕಾದ್ದು ಮರಿಯ ಹೊಂಡ, ತಾಯಿಮೀನಲ್ಲ. ಒಂದು ಗುಂಟೆ ಹೊಂಡ ಒಣಗಿಸಿ ಎರಡರಿಂದ ಎರಡೂವರೆ ಕಿಲೋ ಸುಣ್ಣ, ವಾರ ಬಿಟ್ಟು 50ರಿಂದ 100 ಕಿಲೋ ಹಸಿ ಸಗಣಿ, ಆಮೇಲೆ ನೀರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಿಡಿ, ಕೊರವದ ಒಂದು ಮರಿ ಒಳಗೆ ಸೇರಿದರೂ ಸಾಕು, ಮುಗೀತು. ಜೋಯಿಡಾ, ದಾಂಡೇಲಿ ಕಡೆಯ ಹುಳಿ ಜಂಬಿಟ್ಟಿಗೆ ಮಣ್ಣಿಗೆ ಸುಣ್ಣ ಹೆಚ್ಚು ಬೇಕು, ಮರದ ಎಲೆ ಬಿದ್ದು ಕೊಳೆಯದಂತೆಯೂ ನೋಡಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡವಾದರೆ ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ನೀರಲ್ಲಿ ಇಳಿಬಿಡಿ.

ಎರಡು ವಾರಕ್ಕೆ ನೀರು ತಿಳಿ ಹಸಿರು-ಕಂದು ಆಗುತ್ತದೆ. 50 ಲೀಟರ್ ನೀರು ತೆಳುಬಟ್ಟೆಯಲ್ಲಿ ಸೋಸಿದಾಗ ಒಂದೆರಡು ಮಿಲಿ ಸೂಕ್ಷ್ಮಜೀವಿಗಳ ಗಸಿ ಸಿಕ್ಕರೆ ಮರಿಗೆ ಊಟ ತಯಾರು.

ಈಗ ತಾಯಿಮೀನು. ಜನವರಿಯ ಚಳಿಯಲ್ಲಿ ತತ್ತಿ ಒಡೆಯುವುದು ನಿಧಾನ, ನಾನು ಫೆಬ್ರವರಿ ಕಳೆಯಲಿ ಅಂತ ಕಾಯುತ್ತೇನೆ. ಹೊಟ್ಟೆ ಮೆತ್ತಗಿರುವ ಹೆಣ್ಣು ಒಂದು, ಒತ್ತಿದರೆ ಬಿಳಿ ಹಾಲು ಬರುವ ಗಂಡು ಎರಡು. ಎಲ್ಲವನ್ನೂ ಸಂಜೆ ನೀರಲ್ಲಿ ಕಟ್ಟಿದ ಬಟ್ಟೆತೊಟ್ಟಿಗೆ ಬಿಡಿ. ಹಾಪಾ ಅಂತಾರಲ್ಲ, ಅದು. ಒಳಗೆ ತೊಳೆದ ಹೈಡ್ರಿಲ್ಲಾ ಬಳ್ಳಿ, ಹೆಣ್ಣಿನ ತೂಕದ ಎರಡರಷ್ಟು. ಬೆಳಗಾಗುವುದರೊಳಗೆ ತತ್ತಿ ಬಳ್ಳಿಗೆಲ್ಲ ಅಂಟಿರುತ್ತದೆ. ಒಂದು ಕಿಲೋ ಹೆಣ್ಣಿಗೆ ಲಕ್ಷದ ಲೆಕ್ಕ! ಬಿಳಿಚಿದ್ದು ಸತ್ತ ತತ್ತಿ, ಪಾರದರ್ಶಕವಾದದ್ದು ಜೀವಂತ.

ಕೂಡಲೇ ದೊಡ್ಡ ಮೀನು ತೆಗೆಯಿರಿ. ಕಡಲಿನ ಕ್ಲೌನ್ ಮೀನಿನಲ್ಲಿ ಗಂಡು ರೆಕ್ಕೆ ಬೀಸಿ ಗಾಳಿ ಹಾಕುತ್ತ ತತ್ತಿ ಕಾಯುತ್ತದೆ, ಗೆಂಡೆಗೆ ಆ ಮಮತೆಯಿಲ್ಲ, ತನ್ನ ತತ್ತಿಯನ್ನೇ ತಿನ್ನುತ್ತದೆ. ಆದರೆ ಎರಡರಲ್ಲೂ ಸಾಕುವವನಿಗೆ ಕಷ್ಟ ಒಂದೇ, ಮರಿಯ ಮೊದಲ ತುತ್ತು. ಎರಡು ಮೂರು ದಿನಕ್ಕೆ ತತ್ತಿ ಒಡೆಯುತ್ತದೆ, ಇನ್ನೆರಡು ಮೂರು ದಿನ ಹೊಟ್ಟೆಯ ಹಳದಿ ಚೀಲವೇ ಆಹಾರ. ಅದು ಕರಗಿದ ಹೊತ್ತಿಗೆ ಬಾಯಿಗೆ ಸಿಗುವ ಜೀವಂತ ಹುಳು ಇಲ್ಲದಿದ್ದರೆ ಮರಿ ಸಾಯುತ್ತದೆ. ಹೊಂಡ ಮೊದಲು ಅಂದದ್ದು ಅದಕ್ಕೇ.

ಇನ್ನು ನೀರುತಿಗಣೆ. ಮರಿ ಬಿಡುವ ಹಿಂದಿನ ದಿನ, ಗಾಳಿ ಇಲ್ಲದಾಗ, ಗುಂಟೆಗೆ ಅರ್ಧ ಕಿಲೋ ಅಗ್ಗದ ಎಣ್ಣೆ, 200 ಗ್ರಾಂ ಸಾಬೂನು ಕಲಸಿ ಎರಚಬೇಕು. ಉಸಿರಿಗೆ ಮೇಲೆ ಬರುವ ಹುಳ ಅದರಲ್ಲಿ ಸಾಯುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಮಾತ್ರ ನೀರೊಳಗೇ ಉಸಿರಾಡುವ ಜಾತಿ, ಎಣ್ಣೆಗೆ ಜಗ್ಗದು. ಸಣ್ಣಕಣ್ಣಿನ ಬಲೆ ಎಳೆದೇ ತೆಗೆಯಬೇಕು, ಬೇರೆ ದಾರಿಯಿಲ್ಲ.

ಗುಂಟೆಗೆ 30 ಸಾವಿರಕ್ಕಿಂತ ಹೆಚ್ಚು ಮರಿ ಬೇಡ. ಶೇಂಗಾ ಹಿಂಡಿ, ತೌಡು ಸಮಸಮ ಪುಡಿಮಾಡಿ ದಿನಾ ಚೆಲ್ಲಿ. ಬೆಳಗಿನ ಜಾವ ಮರಿ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಿನಿಸು ನಿಲ್ಲಿಸಿ ಹೊಸ ನೀರು ಕೊಡಿ. ಹದಿನೈದಿಪ್ಪತ್ತು ದಿನಕ್ಕೆ ಇಂಚುದ್ದ. ಅರ್ಧದಷ್ಟು ಉಳಿದರೆ ಒಳ್ಳೇ ಫಸಲೇ. ಅಲ್ಲಿಂದ ದೊಡ್ಡ ಹೊಂಡಕ್ಕೆ ವಿರಳವಾಗಿ ಬಿಟ್ಟರೆ ಇನ್ನೆರಡು ಮೂರು ತಿಂಗಳಿಗೆ ಬೆರಳುದ್ದ. ಕೆರೆಗೆ ಸಾಗಿಸುವ ಹಿಂದಿನ ದಿನ ತಿನಿಸು ಕೊಡಬೇಡಿ, ಹೊಟ್ಟೆ ಖಾಲಿಯಿದ್ದರೆ ಕೊಡದ ನೀರು ಕೆಡುವುದಿಲ್ಲ.