ಆಪ್ತರ ಮಾತು, ಅನುಭಾವದ ಮಾತು

ಮಮದಾಪುರದಂತಹ ಗ್ರಾಮಗಳಲ್ಲಿ ಹೊಲದ ಕೆಲಸ ಮುಗಿದ ಬಳಿಕ ಗೆಳೆಯರಿಬ್ಬರು ಕಟ್ಟೆಯ ಮೇಲೆ ಕುಳಿತು ಮಾತನಾಡುವುದುಂಟು. ಆ ಮಾತು ಕಾಲಹರಣವೋ ಆತ್ಮೋನ್ನತಿಗೆ ಸಾಧನವೋ ಎಂಬುದು ವಿಚಾರಣೀಯವಾದುದು.

15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಗ್ರಂಥವು. ಅದರಲ್ಲಿ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ನಿಷ್ಠುರವಾಗಿ ಪ್ರಶ್ನಿಸುವರು. ಸತ್ಕಾರ್ಯದಲ್ಲಿಯೂ ‘ನಾನು ಮಾಡಿದೆನು’ ಎಂಬ ಅಹಂಭಾವವು ಅಡಗಿರಬಲ್ಲುದೆಂಬುದೇ ಆ ಪ್ರಶ್ನೆಯ ತಿರುಳು. ಮೊದಲು ಕೆರಳಿದ ಸಿದ್ಧರಾಮರು ಬಳಿಕ ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು, ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಕಟುನುಡಿಯು ವೈರವಾಗದೆ ಆಪ್ತತೆಗೆ ಹಾದಿಯಾಯಿತು.

ಸದ್ಗೃಹಸ್ಥರೇ, ಸ್ತುತಿಯನ್ನಷ್ಟೇ ಆಡುವ ಗೆಳೆಯನು ನಮ್ಮನ್ನು ಇದ್ದಲ್ಲಿಯೇ ಇರಿಸುವನು. ಏಕಾಂತದಲ್ಲಿ ಪ್ರೀತಿಯಿಂದ ತಪ್ಪನ್ನು ತೋರುವವನೇ ಆಪ್ತನು. ಮುಂದೆ ಅಂಥವನೊಡನೆ ಕುಳಿತಾಗ ‘ನಾನು ತಿದ್ದಿಕೊಳ್ಳಬೇಕಾದುದೇನು?’ ಎಂದು ಕೇಳಿ, ಅವನ ಉತ್ತರಕ್ಕೆ ಸಿಡುಕದಿರುವುದೇ ಈ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠವು.