ಬಣ್ಣ ತುದಿಗೆ ಸಾಕು

ಕೋಟೆಯ ಊರು ನಮ್ಮ ಭಾತಂಬ್ರಾ. ಇಲ್ಲಿನ ಮಕ್ಕಳಿಗೆ ಗೋಪುರ ಕಟ್ಟಿ ಒಂದೊಂದೇ ತುಂಡು ಎಳೆಯುವ ಜೆಂಗಾ ಆಟವನ್ನು ಮನೆಯಲ್ಲೇ, ದೊಡ್ಡದಾಗಿ ಮಾಡಿಕೊಡಿ. ಸಾಲಿಗೆ ಮೂರರಂತೆ 18 ಸಾಲು, ಒಟ್ಟು 54 ತುಂಡು. ಉದ್ದ ಅಗಲದ ಸರಿಯಾಗಿ ಮೂರು ಪಟ್ಟಿರಲಿ. 3 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಪಟ್ಟಿಯನ್ನು 9 ಇಂಚಿಗೆ ಕೊಯ್ಸಿ. ಸುಮಾರು 42 ಅಡಿ ಬೇಕು, ಗೋಪುರ 27 ಇಂಚು ಏಳುತ್ತದೆ. ಬೇವು ಭಾರ, ಕಾಲ ಮೇಲೆ ಬಿದ್ದರೆ ಪೆಟ್ಟು. ಪೈನ್ ಹಗುರ.

ಬಣ್ಣದ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಮೊದಲ ಸಲ ನಾನು ಆರೂ ಮೈಗೆ ಎಣ್ಣೆ ಬಣ್ಣ ಬಳಿದಿದ್ದೆ. ಏಪ್ರಿಲ್ ಸೆಕೆಗೆ ತುಂಡುಗಳು ಅಂಟಿಕೊಂಡವು. ಒಂದು ಎಳೆದರೆ ಮೂರು ಬಂದವು, ಮಗಳ ಮುಖ ಬಾಡಿತು. ಚನ್ನಪಟ್ಟಣದ ಅರಗಿನ ಬಣ್ಣ ಚಂದವೇ, ಆದರೆ ಅದು ತಿರುಗಣಿಯಲ್ಲಿ ತಿರುಗುವ ದುಂಡು ಮರಕ್ಕೆ. ನೀವು ನೀರಲ್ಲಿ ಕಲಸುವ ಬಣ್ಣವನ್ನು ಎರಡು ತುದಿಗಳಿಗಷ್ಟೇ ಹಚ್ಚಿ, ಎರಡು ದಿನ ನೆರಳಲ್ಲಿ ಒಣಗಿಸಿ. ಉಳಿದ ಮೈಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಕೆನ್ನೆಗೆ ತಾಗಿಸಿ ನೋಡಿ, ಸಿಬಿರು ಚುಚ್ಚಬಾರದು. ಮೇಲೊಮ್ಮೆ ಮೇಣದಬತ್ತಿ ತಿಕ್ಕಿದರೆ ತುಂಡು ಸಲೀಸಾಗಿ ಜಾರುತ್ತದೆ. ಅಂಗಳದಲ್ಲಿ ಪರ್ಸಿ ಕಲ್ಲಿದ್ದರೆ ಗೋಪುರದ ಸುತ್ತ ಹಳೆಯ ಕೌದಿ ಹಾಸಿ.